ಹೊಳೆ ದಾಟಬಾರದ ತಿಂಗಳುಗಳು

ರಾಯಚೂರಿನ ಪೊಲೀಸ್ ಕಚೇರಿಯ ವರಾಂಡದಲ್ಲಿ ಅನ್ನಮ್ಮ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಶಿವರಾತ್ರಿ ಇನ್ನೂ ಮುಂದಿತ್ತು, ಆಗಲೇ ಕಲ್ಲಿನ ಬೆಂಚು ಕಾದ ಹಂಚಿನಂತಾಗಿತ್ತು. ಕೂಸಿನ ತಲೆಗೆ ಸೆರಗು ಮುಚ್ಚಿ, ಒಂದು ಕೈಯಿಂದ ನೊಣ ಹೊಡೆಯುತ್ತ, ಆಕೆ ಎದುರಿನ ಬಾಗಿಲನ್ನೇ ನೋಡುತ್ತಿದ್ದಳು. ಸೊಸೆ ಈ ದೇಶದಲ್ಲಿ ಇರಬಹುದೋ, ಬಿಟ್ಟು ಹೋಗಬೇಕೋ ಅನ್ನುವುದು ಆ ಬಾಗಿಲ ಒಳಗೆ ತೀರ್ಮಾನವಾಗಬೇಕಿತ್ತು.

ಸೊಸೆಯ ಹೆಸರು ತರ್ಷಿನಿ. ಲಂಕಾದ ಮಟ್ಟಕ್ಕಳಪ್ಪು ಅನ್ನುವ ಊರಿನವಳು, ಮಾತು ತಮಿಳು. ಅನ್ನಮ್ಮನ ಮಗ ಮಲ್ಲೇಶ ಕತಾರದಲ್ಲಿ ಕ್ರೇನ್ ನಡೆಸುತ್ತಿದ್ದಾಗ ಈಕೆ ಅಲ್ಲೇ ಒಂದು ಹೊಲಿಗೆ ಅಂಗಡಿಯಲ್ಲಿದ್ದಳು. ಇಬ್ಬರಿಗೂ ಮನಸ್ಸು ಕೂಡಿತು. ಮಲ್ಲೇಶ ಕೆಲಸ ಬಿಟ್ಟು ಮಾನ್ವಿಗೆ ಬಂದು ಜೆಸಿಬಿ ಹಿಡಿದ. ಹಿಂದೆಯೇ ಈಕೆ ಊರು ನೋಡಲು ಬರುವವರ ವೀಸಾದ ಮೇಲೆ ಬಂದಳು. ನೀರಮಾನ್ವಿ ಎಲ್ಲಮ್ಮನ ಗುಡಿಯಲ್ಲಿ ತಾಳಿ ಕಟ್ಟಿಸಿ, ಮಾನ್ವಿಯಲ್ಲಿ ರಿಜಿಸ್ಟರ್ ಮಾಡಿಸಿದ್ದೂ ಆಯಿತು.

ಆವಾಗ ಪಕ್ಕದ ಮನೆಯ ಗೋಪಮ್ಮ ಸುಮ್ಮನಿದ್ದಳೇ? ಹಿಟ್ಟು ಹಾಕಿಸಲು ಇವರ ಗಿರಣಿಗೆ ಬಂದವಳು ಎಲ್ಲರೂ ಕೇಳುವಂತೆ, "ಯಕ್ಕಾ, ಲಂಕಾಕ್ಕ ಹೋಗಿ ಸೊಸಿ ತಂದೀಯಲ್ಲ, ನಡುವಿನ ಸಮುದ್ರಕ್ಕ ಕಲ್ಲು ಹೊತ್ತವ್ರು ಯಾರು?" ಅಂದಿದ್ದಳು.

"ನನ್ನ ಮಗ ಕ್ರೇನ್ ನಡಸ್ತಾನವ್ವಾ. ಅವಂಗ ಕಲ್ಲು ಏನ್ ದೊಡ್ಡದು?" ಅಂದಿದ್ದಳು ಅನ್ನಮ್ಮ. ಗಿರಣಿ ಎಲ್ಲ ನಕ್ಕಿತ್ತು. ಅನ್ನಮ್ಮನ ಗಂಡ ಶರಣಯ್ಯನ ಹುಬ್ಬಿನ ಮೇಲಿನ ಹಿಟ್ಟು ಕೂಡ ನಗುವಿಗೆ ಉದುರಿತ್ತು. ಬೆಳಗೆದ್ದು ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುವ ಹುಡುಗಿಯನ್ನು ಕಂಡ ಮೇಲೆ ಆತ ಕುಲ ಗೋತ್ರದ ಮಾತು ಎತ್ತಿರಲಿಲ್ಲ.

"ಅತ್ತಿ, ಕೂಗಾಕತ್ತಾರ," ಎಂದು ತರ್ಷಿನಿ ಈಗ ಮೆಲ್ಲಗೆ ತೋಳು ಮುಟ್ಟಿದಳು. ಮಾನ್ವಿಯ ಮಾತು ಅವಳ ನಾಲಿಗೆಗೆ ಚೆನ್ನಾಗಿಯೇ ಹತ್ತಿತ್ತು.

ಒಳಗೆ ವಿಶಾಖಾ ಅನ್ನುವ ಅಧಿಕಾರಿ ಇದ್ದಳು. ಹೊರದೇಶದವರ ಲೆಕ್ಕ ನೋಡಿಕೊಳ್ಳುವುದು ಅವಳ ಕೆಲಸ. ಕೂಸನ್ನು ಕಂಡು ಫ್ಯಾನಿನ ಕೆಳಗಿನ ಕುರ್ಚಿಯನ್ನು ಅನ್ನಮ್ಮನಿಗೇ ಕೊಡಿಸಿದಳು. ಅಷ್ಟರಲ್ಲೇ ಅನ್ನಮ್ಮನಿಗೆ ಅರ್ಧ ಧೈರ್ಯ ಬಂತು.

"ಕೂಸಿಗೆ ಪಾಸ್‌ಪೋರ್ಟ್ ಕೇಳೀರಿ. ಅದರಿಂದ ಇದು ನಮ್ಮ ಕಣ್ಣಿಗೆ ಬಿತ್ತು," ಅಂದಳು ವಿಶಾಖಾ. "ತಾಯಿ ವೀಸಾ ಕೂಸು ಹುಟ್ಟೂಕಿಂತ ಮೊದ್ಲ ಮುಗದು ಹೋಗ್ಯಾದ. ಟಿಕೆಟ್ ಮಾಡಿಸಿದ್ವಿ ಅಂತೀರಿ. ಮತ್ತ್ಯಾಕ ಹೋಗ್ಲಿಲ್ಲ?"

ಹೆಂಡತಿಯ ಪಕ್ಕ ನಿಂತಿದ್ದ ಮಲ್ಲೇಶ ಕೆಮ್ಮಿದ. "ಆಕಿಗೆ ಆರಾಮ ಇರಲಿಲ್ರೀ ಮೇಡಂ. ಬಸುರಿ ಇದ್ಲು."

"ಪ್ರಯಾಣ ಮಾಡಬಾರದಂತ ಡಾಕ್ಟರ್ ಬರದು ಕೊಟ್ಟಾರೇನು? ಅಂಥಾದೊಂದು ಚೀಟಿ ಇದ್ರೂ ಸೈ. ಅದನ್ನ ಹಚ್ಚಿ ಮ್ಯಾಲಿನವ್ರಿಗೆ ಕಳಸ್ತೀನಿ."

ಅಂಥ ಚೀಟಿ ಎಲ್ಲಿಂದ ಬರಬೇಕು? ದವಾಖಾನೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಧಾರಾಳವಾಗಿ ಹೋಗಿ ಬಾ ಎಂದು ನಕ್ಕು ಕಳಿಸಿದ್ದಳು. ಮಲ್ಲೇಶ ನೆಲ ನೋಡಿದ. ತರ್ಷಿನಿ ಒಂದು ಸಲ ಅತ್ತೆಯ ಮುಖ ನೋಡಿ, ಕಣ್ಣು ಕೆಳಗಿಳಿಸಿ, ತಾಳಿಯ ದಾರವನ್ನು ಬೆರಳಿಗೆ ಸುತ್ತತೊಡಗಿದಳು. ಅವಳು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ನಾ ತಡದೀನ್ರೀ," ಅಂದಳು ಅನ್ನಮ್ಮ.

"ನೀವಾ? ಯಾಕ?"

"ಬಸುರಿ ಹೊಳಿ ದಾಟಬಾರದಂತ."

ಮಾನ್ವಿಯಿಂದ ಯಾವ ದಿಕ್ಕಿಗೆ ಹೊರಟರೂ ಹೊಳೆ ಎದುರಾಗುತ್ತದೆ. ಬೆಂಗಳೂರಿಗೆ ಹೋಗಬೇಕೆಂದರೆ ತುಂಗಭದ್ರೆ, ಹೈದರಾಬಾದಿಗೆ ಕೃಷ್ಣೆ. ವಿಮಾನ ಹತ್ತುವವರು ಎರಡರಲ್ಲಿ ಒಂದನ್ನು ದಾಟಲೇಬೇಕು.

ಅನ್ನಮ್ಮನ ತವರು ದೇವದುರ್ಗ ಕಡೆಯ ಗಬ್ಬೂರು. ಅವಳ ಅಕ್ಕ ಕರೆಮ್ಮನನ್ನು ಕೃಷ್ಣೆಯ ಆಚೆ ದಡದ ಊರಿಗೆ ಕೊಟ್ಟಿದ್ದರು. ಏಳು ತಿಂಗಳಲ್ಲಿ ಕುಬಸದ ಶಾಸ್ತ್ರಕ್ಕೆ ಬಂದವಳನ್ನು ಹೆರಿಗೆಯವರೆಗೆ ಇಟ್ಟುಕೊಳ್ಳಬೇಕು ಎಂದು ತಾಯಿ ಗೋಗರೆದಳು. ಬೀಗರು ಕೇಳಲಿಲ್ಲ, ಹೊಲದ ಕೆಲಸ ನಿಂತಿದೆ ಅಂದರು. ಹೊಳೆಗೆ ಹೊಸ ನೀರು ಬಂದು ಕೆಂಪಗೆ ಸುತ್ತುತ್ತಿತ್ತು. ಹರಿಗೋಲಿನಲ್ಲಿ ಕೂತ ಅಕ್ಕ ಹಸಿರು ಬಳೆ ತುಂಬಿದ ಕೈಯೆತ್ತಿ ಆಡಿಸಿದಳು. ದಡದಲ್ಲಿ ಲಂಗದ ತುದಿ ಹಿಡಿದುಕೊಂಡು ನಿಂತ ಅನ್ನಮ್ಮನೂ ಕೈ ಆಡಿಸಿದಳು. ಹರಿಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗಿದಾಗಲೇ ನೋವು ಎದ್ದಿತಂತೆ. ಆ ದಡದಲ್ಲಿ ಸೂಲಗಿತ್ತಿ ಸಿಗಲಿಲ್ಲವಂತೆ. ಈ ಅಂತೆಗಳೆಲ್ಲ ಈ ದಡಕ್ಕೆ ಬಂದವು, ಅಕ್ಕ ಬರಲಿಲ್ಲ. ಅಂದಿನಿಂದ ಅನ್ನಮ್ಮ ಯಾವ ಹೊಳೆಯನ್ನೂ ದಾಟಿದವಳಲ್ಲ. ಓಣಿಯವರೆಲ್ಲ ಕೂಡಿ ಶ್ರೀಶೈಲಕ್ಕೆ ಹೊರಟಾಗಲೂ ಗಿರಣಿ ನೋಡಿಕೊಳ್ಳುತ್ತೇನೆಂದು ಮನೆಯಲ್ಲೇ ಉಳಿದಳು.

ಹಾಗಿರುವಾಗ ಸೊಸೆಗೆ ನಾಲ್ಕು ತಿಂಗಳು ತುಂಬಿದ ಹೊತ್ತಿಗೆ ಮಗ ಟಿಕೆಟ್ ತಂದ. ರಾಯಚೂರಿನ ಏಜೆಂಟ ಮುಷರ್ರಫ್ ಶರಣಯ್ಯನಿಗೆ ಬಿಡಿಸಿ ಹೇಳಿದ್ದ: "ಚಾಚಾ, ಇದು ಬಂದು ನೋಡಿ ಹೋಗೋ ವೀಸಾ. ಇದನ್ನ ಇಲ್ಲೇ ಕೂತು ಹೆಂಡತಿ ವೀಸಾ ಮಾಡಾಕ ಬರಂಗಿಲ್ಲ. ಒಮ್ಮೆ ಊರಿಗೆ ಹೋಗ್ಲಿ, ಮದುವಿ ಕಾಗದ ಇಟ್ಟು ಅಲ್ಲಿಂದ ಅರ್ಜಿ ಹಾಕ್ಲಿ, ಎರಡು ಮೂರು ತಿಂಗಳಾಗ ತಿರುಗಿ ಬರ್ತಾಳ. ತಾರೀಖು ಮುಗದ ಮ್ಯಾಲೂ ಕೂತ್ರ ಮಾತ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ."

ಅನ್ನಮ್ಮ ಹೊಸ್ತಿಲಿಗೆ ಅಡ್ಡ ಕೂತಳು. ಒಂದು ಹೊತ್ತು ಉಣ್ಣಲಿಲ್ಲ. "ಹೆರಿಗಿ ಆಗ್ಲಿ. ಆಮ್ಯಾಲೆ ಎಲ್ಲಿಗರ ಹೋಗ್ರಿ. ಈ ಹೊಟ್ಟಿ ಇಟ್ಕೊಂಡು ಆಕಿ ಹೊಳಿ ದಾಟಿದ್ರ ನನ್ನ ದಾಟಿ ಹೋಗ್ಬೇಕು."

"ಯವ್ವಾ, ಕಾರಿನಾಗ ಹೋಗೂದು ಬೇ. ಸೇತುವಿ ಅದ. ಹರಿಗೋಲು ಎಲ್ಲಿ ಬಂತು?" ಎಂದು ಮಲ್ಲೇಶ ತಲೆ ಚಚ್ಚಿಕೊಂಡ.

ತರ್ಷಿನಿ ಅತ್ತೆಯ ಪಕ್ಕ ಬಂದು ಕೂತು, ಕಲಿತಷ್ಟು ಮಾತಿನಲ್ಲಿ ಹೇಳಿ ನೋಡಿದಳು. "ಅತ್ತಿ, ನಮ್ಮ ಊರು ಎಲ್ಲಾ ಕಡಿ ನೀರು. ಉಪ್ಪು ತರಾಕ ಹೋದ್ರೂ ದೋಣಿ. ನನ್ನ ಅಮ್ಮ ನನ್ನ ಹೊಟ್ಯಾಗ ಇಟ್ಕೊಂಡು ದಿನಾ ದಾಟಿದ್ಲು. ನಾ ಚೆಂದ ಇದ್ದೀನಲ್ಲ?"

ಆ ಮಾತಿಗೆ ಅನ್ನಮ್ಮ ಅವಳ ಗಲ್ಲ ಸವರಿದಳು, ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ಶರಣಯ್ಯ, "ಹೋಗ್ಲಿ ಬಿಡಪ್ಪಾ. ತಡಾದ್ರ ದಂಡ ಕಟ್ಟಿದ್ರಾತು. ಗಿರಣಿ ಲೈಸನ್ಸ್ ಎಷ್ಟು ಸಲ ತಡಾ ಮಾಡಿ ಕಟ್ಟೀನಿ ನಾನು," ಅಂದ. ಮಲ್ಲೇಶನೂ ಕತಾರದಲ್ಲಿ ವೀಸಾ ಮುಗಿದ ಮೇಲೆ ಇದ್ದು, ದಂಡ ಕಟ್ಟಿ ಊರಿಗೆ ಬಂದವರನ್ನು ಕಂಡವನೇ. ಅವನ ಹಟವೂ ಸಡಿಲಿತು. ಟಿಕೆಟ್ ಕೆಟ್ಟಿತು. ತಾರೀಖು ಬಂತು, ಹೋಯಿತು. ಆಕಾಶ ಕಳಚಿ ಬೀಳಲಿಲ್ಲ. ಮಳೆಗಾಲದಲ್ಲಿ ಮಾನ್ವಿಯ ದವಾಖಾನೆಯಲ್ಲಿ ದುಂಡಗಿನ ಹೆಣ್ಣುಕೂಸು ಹುಟ್ಟಿತು. ಅದಕ್ಕೆ ಶಿವಗಂಗಾ ಎಂದು ತೊಟ್ಟಿಲಲ್ಲಿ ಹೆಸರು ಕೂಗಿದವಳು ಅನ್ನಮ್ಮನೇ. ಅವತ್ತು ಅವಳಿಗೆ ತಾನು ಅಕ್ಕನನ್ನೇ ಈ ದಡದಲ್ಲಿ ಹಿಡಿದು ನಿಲ್ಲಿಸಿದಷ್ಟು ಸಮಾಧಾನವಾಗಿತ್ತು.

ವಿಶಾಖಾ ಪೆನ್ನು ಕೆಳಗಿಟ್ಟಳು. "ನಿಮ್ಮ ತವರು ಎಲ್ಲಿ ಯವ್ವಾ?"

"ಗಬ್ಬೂರು."

"ನಮ್ಮದೂ ದೇವದುರ್ಗ. ನನ್ನ ತಾಯಿ ನನಗೂ ಇದನ್ನ ಅಂದಿದ್ಲು." ಅವಳು ಕಾಗದವನ್ನು ಮತ್ತೆ ಮುಂದೆ ಎಳೆದುಕೊಂಡಳು. "ಆದ್ರ ಇದನ್ನ ನಾ ಏನಂತ ಬರೀಲಿ? ಹೊಳಿ ಅಂತ ಬರದ್ರ ಓದೋರಿಗೆ ತಿಳೀತದೇನು?"

"ತಪ್ಪು ನಂದು. ದಂಡ ಎಷ್ಟಂತ ಹೇಳ್ರಿ, ಕಟ್ತೀವಿ. ನನ್ನ ಬೇಕಾದ್ರ ಒಳಗ ಹಾಕ್ರಿ."

"ದಂಡ ಕಟ್ಟೂದು ಇದ್ದದ್ದ. ಕಟ್ಟಿದ್ರೂ ಇರಾಕ ಬರಂಗಿಲ್ಲ. ಹೊರಗ ಹೋಗಾಕ ಪರವಾನಗಿ ಕೊಡ್ತಾರ, ಅದರ ಒಳಗ ಹೋಗಬೇಕು. ಅಲ್ಲಿಂದ ಹೆಂಡತಿ ಅಂತ ಅರ್ಜಿ ಹಾಕಬಹುದು. ಆದ್ರ ಹಿಂದ ತಾರೀಖು ಮೀರಿ ಕೂತಾಕಿ ಅಂತ ಕಾಗದದಾಗ ಬಂದಿರ್ತದ. ವರ್ಷ ಆಗಬಹುದು, ಮೂರು ವರ್ಷನೂ ಆಗಬಹುದು. ಕೊಡಂಗಿಲ್ಲ ಅಂದ್ರೂ ಅನಬಹುದು. ನಾ ಸುಳ್ಳು ಆಸೆ ಹಚ್ಚಂಗಿಲ್ಲ."

ಅನ್ನಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. "ಇದು? ಇದು ನಮ್ಮದಲ್ಲೇನ್ರೀ? ಇದರಪ್ಪ ಮಾನ್ವಿಯಾಂವ. ಇದು ಮಾನ್ವ್ಯಾಗ ಹುಟ್ಟ್ಯಾದ."

ಅಧಿಕಾರಿ ಮಲ್ಲೇಶನ ಕಡೆ ತಿರುಗಿದಳು. ತಂದೆ ಇಲ್ಲಿಯವನಾದರೂ, ಕೂಸು ಹುಟ್ಟುವಾಗ ತಾಯಿ ವೀಸಾ ಮುಗಿದು ಕೂತವಳಾಗಿದ್ದರೆ ಕಾಯಿದೆ ಆ ಕೂಸನ್ನು ಇಲ್ಲಿಯದೆಂದು ಎಣಿಸುವುದಿಲ್ಲ. ತಾಯಿಯ ದೇಶದ ಕಾಗದವನ್ನೇ ಮಾಡಿಸಬೇಕಾಗುತ್ತದೆ, ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಟಿಕೆಟ್ ತಂದ ದಿನ ಹೋಗಿದ್ದರೆ ಈ ಮಾತೇ ಬರುತ್ತಿರಲಿಲ್ಲ ಎಂದು ಅವಳೇನೂ ಅನ್ನಲಿಲ್ಲ. ಅನ್ನದಿದ್ದರೂ ಅನ್ನಮ್ಮನಿಗೆ ಕೇಳಿಸಿತು. ಯಾವ ಹೊಟ್ಟೆಯನ್ನು ಕಾಯಲು ಹೊಸ್ತಿಲಿಗೆ ಅಡ್ಡ ಕೂತಿದ್ದಳೋ, ಆ ಹೊಟ್ಟೆಯ ಕೂಸೇ ಆಚೆ ದಡದ್ದಾಗಿತ್ತು.

ಪರವಾನಗಿ ಬರುವವರೆಗೆ ತರ್ಷಿನಿ ಒಂದು ದಿನವೂ ಎದುರಾಡಲಿಲ್ಲ. ಬೈದಿದ್ದರೆ ಅನ್ನಮ್ಮನಿಗೆ ಹಗುರವಾಗುತ್ತಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುವಾಗ ಅನ್ನಮ್ಮನೇ ಬಾಯಿ ಬಿಟ್ಟಳು.

"ಬೈ ಬೇ ನನಗ. ನಾಕು ಮಾತು ಬೈ."

ತರ್ಷಿನಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನಿಮ್ಮ ಅಕ್ಕನ ಸುದ್ದಿ ಕೇಳಿದ ದಿನ ನಂಗೂ ಹೆದರಿಕಿ ಆಗಿತ್ತು ಅತ್ತಿ. ಹೋಗ್ತೀನಿ ಅಂತ ಜೋರು ಮಾಡಿದ್ರ ಹೋಗ್ತಿದ್ದೆ. ಮಾಡ್ಲಿಲ್ಲ." ರೊಟ್ಟಿಯನ್ನು ಬುಟ್ಟಿಗೆ ಹಾಕಿ, "ಆದ್ರ ನೀವು ಒಮ್ಮೆ ಬಂದು ಸೇತುವಿ ನೋಡಬೇಕಿತ್ತು," ಅಂದಳು. ಅಷ್ಟೇ ಅವಳ ಬೈಗುಳ.

ಹೊರಡುವ ದಿನ ಶರಣಯ್ಯ ಗಿರಣಿಯ ಬಾಗಿಲಲ್ಲೇ ಕೂಸಿನ ಹಣೆಗೆ ವಿಭೂತಿ ಹಚ್ಚಿ ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಹಿಟ್ಟು ಬೀಸಲು ಏನೂ ಇಲ್ಲದಿದ್ದರೂ ಗಿರಣಿ ಹಚ್ಚಿದ. ಗೋಪಮ್ಮ ಒಂದು ಗಂಟು ಶೇಂಗಾ ಉಂಡೆ ತಂದು ತರ್ಷಿನಿಯ ಕೈಗೆ ತುರುಕಿ, "ಅಲ್ಲಿ ಸಿಗ್ತಾವೋ ಇಲ್ಲೋ," ಅಂದಳು. ಚೇಷ್ಟೆ ಮಾಡಲು ಅವಳಿಗೂ ಬಾಯಿ ಬರಲಿಲ್ಲ.

ಮಲ್ಲೇಶ ಹೈದರಾಬಾದಿನ ವಿಮಾನ ನಿಲ್ದಾಣದವರೆಗೆ ಹೋಗಿ ಬಿಟ್ಟುಬರುವವನು. ಅನ್ನಮ್ಮ ಹೊಳೆಯ ದಂಡೆಯವರೆಗೆ ಮಾತ್ರ ಬರುತ್ತೇನೆಂದು ಕಾರು ಹತ್ತಿದಳು. ಶಕ್ತಿನಗರದ ಹೊಗೆ ಕೊಳವೆಗಳು ಕಂಡವು. ಸೇತುವೆಗೆ ಮುಂಚೆ ಮಲ್ಲೇಶ ಕಾರು ನಿಲ್ಲಿಸಿದ.

"ಇಳೀತಿ ಏನ್ ಬೇ?"

ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅದರ ಮುಷ್ಟಿಯಲ್ಲಿ ಅಜ್ಜಿಯ ಸೆರಗಿನ ಚುಂಗು ಇತ್ತು. ಅನ್ನಮ್ಮ ಬಿಡಿಸಿಕೊಳ್ಳಲು ನೋಡಿದಳು, ಬಿಡಿಸಲಿಲ್ಲ.

"ನಡಿ. ಇದನ್ನ ಆ ದಂಡಿ ಮುಟ್ಟಿಸ್ತೀನಿ."

ಕಾರು ಹೊರಟಿತು. ಅನ್ನಮ್ಮ ಕಣ್ಣು ಮುಚ್ಚಿ, ಶಿವನ ಹೆಸರು ಹಿಡಿದು, ಕೂಸನ್ನು ಎರಡೂ ತೋಳಿನಿಂದ ಬಿಗಿಯಾಗಿ ಅಪ್ಪಿದಳು. ಚಕ್ರದ ಸದ್ದು ಬದಲಾಯಿತು, ಗಾಳಿ ತಂಪಾಯಿತು. ಹರಿಗೋಲು ಇನ್ನೇನು ತಿರುಗಬೇಕು ಎಂದು ಅವಳ ಮೈಯೆಲ್ಲ ಕಾಯುತ್ತಿತ್ತು. ಕೂಸು ಒಂದು ಸಲ ಆಕಳಿಸಿತು. ಚಕ್ರದ ಸದ್ದು ಮತ್ತೆ ಮೊದಲಿನಂತಾಯಿತು.

"ಅತ್ತಿ, ಕಣ್ಣು ಬಿಡ್ರಿ," ಅಂದಳು ತರ್ಷಿನಿ.

"ಮುಗೀತಾ?"

"ಮುಗೀತು ಯವ್ವಾ," ಅಂದ ಮಲ್ಲೇಶ.

"ಇಷ್ಟ ಏನು?"

ಮಲ್ಲೇಶ ಕಾರು ನಿಲ್ಲಿಸಿದ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಅವಳು ಇಳಿದಳು. ಕೂಸಿನ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ತಾಯಿಯ ಕೈಗಿಟ್ಟಳು. ತರ್ಷಿನಿ ಬಾಗಿ ಕಾಲು ಮುಟ್ಟಿದಾಗ, "ಜಲ್ದಿ ಬಾ," ಎಂದು ಅನ್ನಲು ಹೋದವಳ ಬಾಯಿಂದ, "ಬಿಸಿಲಿಗೆ ಹಿಡೀಬ್ಯಾಡ ಕೂಸಿನ್ನ," ಅನ್ನುವುದಷ್ಟೇ ಬಂತು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಬಹಳ ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದಳು.

ರಾಯಚೂರಿನ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ನಿಲ್ದಾಣದಲ್ಲಿ ತೆಲುಗು ಮಾತಾಡುತ್ತ ಒಬ್ಬ ತುಂಬು ಬಸುರಿ ಗಂಡನ ಜೊತೆ ಹತ್ತಿ, ಉಸ್ಸೆಂದು ಅವಳ ಪಕ್ಕ ಕೂತಳು. ರಾಯಚೂರಿನ ದವಾಖಾನೆಗೆ ಹೊರಟವಳಂತೆ. ಕೈಯಲ್ಲಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ. ಬಸ್ಸು ಸೇತುವೆ ಹತ್ತಿತು. ಆ ಹುಡುಗಿ ಹೊರಗೆ ನೋಡಲೂ ಇಲ್ಲ, ಸೌತೆಕಾಯಿ ಕಚ್ಚುತ್ತ ಗಂಡನಿಗೆ ಏನೋ ಬೈಯುತ್ತಿದ್ದಳು.

ಅನ್ನಮ್ಮನ ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂದಿತ್ತು. ಆಕೆ ನೀರನ್ನು ನೋಡಿದಳು. ಬಂಡೆಗಳ ನಡುವೆ ಹೊಳೆ ಸಣ್ಣಗೆ, ಸುಮ್ಮಗೆ ಹರಿಯುತ್ತಿತ್ತು.

"ಈ ಕಡಿ ಬಾರವ್ವಾ," ಎಂದು ಆಕೆ ಎದ್ದು ಜಾಗ ಬಿಟ್ಟುಕೊಟ್ಟಳು. "ಕಿಡಕ್ಯಾಗ ಗಾಳಿ ಬರ್ತದ."