ಸ್ಟೊಯಾಂಕಾ ಬರೆದ ಮುಂದಿನ ಮೂರು ವರ್ಷ

ಪ್ಲೊವ್ದಿವ್‌ನ 'ಕರ್ಲಿಕ್ ಸ್ಯಾಟ್' ಎಂಬ ಡಿಶ್ ಟಿವಿ ಕಂಪನಿಯಲ್ಲಿ ಸ್ಟೊಯಾಂಕಾ ಕೆಹಾಯೊವಾಳಿಗೆ ಇದ್ದದ್ದು ಒಂದೇ ಕೆಲಸ. ಬರುವ ಮೂರು ವರ್ಷಗಳಲ್ಲಿ ಎಷ್ಟು ಮನೆಗಳ ಮೇಲೆ ಕಂಪನಿಯ ಡಿಶ್ ಉಳಿಯುತ್ತದೆ, ಎಷ್ಟು ಮನೆಯವರು ಬಿಟ್ಟುಹೋಗುತ್ತಾರೆ ಎಂದು ಮುಂಚಿತವಾಗಿ ಹೇಳುವುದು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಅಕ್ಟೋಬರಿನಲ್ಲೂ ಹೇಳುತ್ತ ಬಂದಿದ್ದಳು, ಹೆಚ್ಚುಕಡಿಮೆ ಹೇಳಿದ ಹಾಗೇ ಆಗಿತ್ತು. ಕಾಫಿ ಗಸಿ ನೋಡಿ ಕಣಿ ಹೇಳುವವಳು ಎಂದು ಸಹೋದ್ಯೋಗಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು. ಐವತ್ತನಾಲ್ಕರ ಹೆಂಗಸು, ಗಂಡ ಇಲ್ಲ, ಬಾಯಿ ಜೋರು. ಆಡಿಕೊಳ್ಳಲಿ ಬಿಡು ಎಂದು ಸುಮ್ಮನಿದ್ದಳು.

ಆ ವರ್ಷ ಹೊಸ ನಿರ್ದೇಶಕ ಟೆನೆವ್ ಅವಳನ್ನು ಕರೆಸಿ, ಆಗಲೇ ಬರೆದು ಮುಗಿಸಿದ್ದ ಮುನ್ಸೂಚನೆಯೊಂದನ್ನು ಮುಂದಿಟ್ಟ. ರೊಡೊಪಿ ಬೆಟ್ಟಗಳ ಹಳ್ಳಿಗಳಲ್ಲಿ ಗ್ರಾಹಕರು ತಾವಾಗಿಯೇ ಬಿಟ್ಟುಹೋಗುತ್ತಿದ್ದಾರೆ, ಮೂರನೇ ವರ್ಷಕ್ಕೆ ಒಬ್ಬರೂ ಉಳಿಯುವುದಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಅವಳ ಹೆಸರು, ಸಹಿಗೆ ಖಾಲಿ ಜಾಗ.

"ಏಪ್ರಿಲ್‌ಗೆ ಉಪಗ್ರಹದ ಕರಾರು ಮುಗಿಯುತ್ತೆ ಸ್ಟೊಯಾಂಕಾ ಅವರೇ," ಎಂದ ಟೆನೆವ್. "ಮಾಲೀಕರು ಅದನ್ನ ಮುಂದುವರಿಸೋದಿಲ್ಲ. ಪಟ್ಟಣದಲ್ಲಿ ಇಂಟರ್ನೆಟ್ ಮಾರ್ತೀವಿ, ಅಷ್ಟೇ ಸಾಕು. ಈ ಕಾಲದಲ್ಲಿ ಡಿಶ್ ಯಾರಿಗೆ ಬೇಕು ಹೇಳಿ?"

ಅವನ ಮಾತು ಪೂರ್ತಿ ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಪ್ಲೊವ್ದಿವ್‌ನ ಬಾಲ್ಕನಿಗಳಲ್ಲಿ ಡಿಶ್‌ಗಳು ತುಕ್ಕು ಹಿಡಿದು ಪಾರಿವಾಳಗಳಿಗೆ ಆಸರೆಯಾಗಿದ್ದವು. ಆದರೆ ಬೆಟ್ಟದ ಮೇಲೆ ಕೇಬಲ್ ಎಳೆಯುವವರು ಯಾರೂ ಇರಲಿಲ್ಲ. ಅಲ್ಲಿನ ಜನ ಡಿಶ್ ಬಿಟ್ಟು ಎಲ್ಲಿಗೆ ಹೋದಾರು?

"ಎರಡು ದಿನ ಬಿಟ್ಟು ಹೇಳ್ತೀನಿ," ಎಂದು ಕಾಗದ ಎತ್ತಿಕೊಂಡು ಬಂದಳು.

ಸಂಪರ್ಕ ಕಡಿತಗೊಂಡ ಮನೆಗಳ ಪಟ್ಟಿ ತೆಗೆದಳು. ಬೆಟ್ಟಗಳ ನಡುವಿನ ಸ್ಮೊಲ್ಯಾನ್ ಜಿಲ್ಲೆಯಲ್ಲಿ ಎರಡು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು; ಎಲ್ಲದರ ಮುಂದೆಯೂ ಕಾರಣ ಒಂದೇ: 'ಗ್ರಾಹಕರ ಇಚ್ಛೆ'. ಒಂದೊಂದೇ ಮನೆಗೆ ಫೋನ್ ಮಾಡತೊಡಗಿದಳು. ನಾಲ್ಕನೇ ಕರೆ ಎತ್ತಿದವಳು ಫಾತ್ಮೆ ಎಂಬ ಮುದುಕಿ.

"ನಮಸ್ಕಾರ ಅಜ್ಜಿ, ನೀವು ಟಿವಿ ಬೇಡ ಅಂದ್ರಂತೆ."

"ನಾನಾ? ನನ್ನ ಬಾಯಲ್ಲಿ ಆ ಮಾತು ಬಂದಿದ್ರೆ ನನ್ನ ಹಸು ಒದ್ದು ಸಾಯಿಸ್ಲಿ. ಹೋದ ವರ್ಷ ಹಿಮ ಬಿದ್ದು ಡಿಶ್ ವಾಲ್ಕೊಂಡಿದೆ ಕಣಮ್ಮ. ಹನ್ನೊಂದು ಸಲ ಫೋನ್ ಮಾಡಿದೆ. ಯಾವ ನನ್ಮಗನೂ ಬರ್ಲಿಲ್ಲ. ಸಾಲಿಹ್ ಮೇಸ್ತ್ರಿ ಇದ್ದಾಗ ಸೀಟಿ ಹೊಡೆದ್ರೆ ಬರ್ತಿದ್ದ. ಅವನನ್ನ ಯಾವ ಪುಣ್ಯಾತ್ಮ ತೆಗೆದುಹಾಕಿದ್ನೋ, ಅವನ ಕಾಲಿಗೆ ಕುರು ಏಳ್ಲಿ."

ಸ್ಟೊಯಾಂಕಾ ಮೆಲ್ಲಗೆ ಫೋನ್ ಇಟ್ಟಳು. ಎರಡು ದಿನ ಬಿಡದೆ ಕುಳಿತು ನಲವತ್ತು ಮನೆಗಳಿಗೆ ಕರೆ ಮಾಡಿದಳು. ಮೂವತ್ತೊಂದು ಕಡೆ ಅದೇ ಉತ್ತರ. ಬೆಟ್ಟದ ನಾಲ್ವರು ರಿಪೇರಿಯವರನ್ನು ಕಂಪನಿ ಎರಡು ವರ್ಷದ ಹಿಂದೆ ಕೆಲಸದಿಂದ ತೆಗೆದಿತ್ತು. ಕೆಟ್ಟ ಡಿಶ್ ಕೆಟ್ಟೇ ಉಳಿದಿತ್ತು. ಕಾದೂ ಕಾದೂ ಸೋತವರನ್ನು ಕಂಪನಿಯ ಕಂಪ್ಯೂಟರ್ 'ಬಿಟ್ಟುಹೋದವರು' ಎಂದು ಬರೆದುಕೊಂಡಿತ್ತು.

ಮೂರನೆಯ ದಿನ ಅವಳು ಟೆನೆವ್‌ನ ಕೋಣೆಗೆ ನೇರ ಹೋದಳು. "ಇದು ಮುನ್ಸೂಚನೆ ಅಲ್ಲ. ಮೊದಲು ಕೊರಳು ಹಿಸುಕಿ, ಆಮೇಲೆ ಇವನು ಬದುಕಲ್ಲ ಅಂತ ಬರೆಯೋದು. ನಾನು ಸಹಿ ಹಾಕಲ್ಲ."

"ಹಾಗಾದ್ರೆ ನಿಮ್ಮ ಮುನ್ಸೂಚನೆ ಏನಮ್ಮಾ?"

"ಒಬ್ಬ ರಿಪೇರಿಯವನು ಕೊಡಿ. ಮಾರ್ಚ್ ಒಳಗೆ ಆ ಜಿಲ್ಲೆಯಲ್ಲಿ ಆರುನೂರು ಮನೆ ವಾಪಸ್ ಬರುತ್ತೆ."

ಟೆನೆವ್ ಕುರ್ಚಿಗೆ ಒರಗಿ ನಕ್ಕ. "ಕೊಡೋದಕ್ಕೆ ನನ್ನ ಹತ್ರ ಯಾರೂ ಇಲ್ಲ. ಗೋದಾಮಿನಲ್ಲಿ ಹಳೇ ಸಾಮಾನು ಬಿದ್ದಿದೆ, ಒಂದು ವ್ಯಾನ್ ಇದೆ. ರಜೆ ಹಾಕಿ ನೀವೇ ಹೋಗಿ. ಮಾರ್ಚ್ ನಾಲ್ಕಕ್ಕೆ ಮಾಲೀಕರ ಸಭೆ. ಆರುನೂರಕ್ಕೆ ಒಂದು ಮನೆ ಕಮ್ಮಿಯಾದ್ರೂ ನೀವು ನಿಮ್ಮ ಕುರ್ಚಿ ಬಿಟ್ಟು ನಡೀಬೇಕು. ಆಗುತ್ತಾ?"

"ಬರೆದು ಕೊಡಿ," ಎಂದಳು ಸ್ಟೊಯಾಂಕಾ.

ಅವನು ನಗು ನಿಲ್ಲಿಸಿ ಬರೆದುಕೊಟ್ಟ.

ಸಾಲಿಹ್ ಮೇಸ್ತ್ರಿ ಸಿಕ್ಕಿದ್ದು ಅದೇ ಜಿಲ್ಲೆಯ ಸ್ಮಿಲ್ಯಾನ್ ಎಂಬ ಹಳ್ಳಿಯ ಹೊರಗೆ, ಮರ ಸೀಳುವ ಕಾರ್ಖಾನೆಯಲ್ಲಿ. ಅರವತ್ತರ ಹತ್ತಿರದವನು, ಮೀಸೆಯ ತುಂಬ ಮರದ ಹೊಟ್ಟು. ಅವಳು ಹೆಸರು ಹೇಳಿದ್ದೇ ತಡ, ಗರಗಸ ನಿಲ್ಲಿಸಿದ.

"ಕೆಹಾಯೊವಾ ಅಂದ್ರೆ ನೀವೇನಾ? ಬೆಟ್ಟಕ್ಕೆ ನಾಲ್ಕು ಜನ ರಿಪೇರಿಯವರು ಹೆಚ್ಚಾಯ್ತು, ಕರೆಗಳು ಕಮ್ಮಿ ಆಗ್ತವೆ ಅಂತ ಬರೆದ ಕಚೇರಿ ಅಮ್ಮಾವ್ರು? ನನ್ನ ತೆಗೆದುಹಾಕಿದ ಕಾಗದದ ಕೆಳಗೆ ನಿಮ್ಮ ಹೆಸರು ನೋಡಿದೀನಿ."

ಹೌದು, ಆ ವಾಕ್ಯ ಅವಳದೇ. ಹಿಮ ಕಡಿಮೆ ಬಿದ್ದಿದ್ದ ಒಂದು ವರ್ಷದ ಕರೆಗಳನ್ನು ನೋಡಿ, ಬೆಟ್ಟ ಹತ್ತಿ ಯಾರನ್ನೂ ಕೇಳದೆ ಬರೆದಿದ್ದಳು. ಫಾತ್ಮೆ ಅಜ್ಜಿಯ ಶಾಪ ಯಾರ ಕಾಲಿಗೆ ತಾಗಬೇಕಿತ್ತು ಎಂಬುದು ಫೋನ್ ಇಟ್ಟ ಗಳಿಗೆಯಿಂದಲೂ ಅವಳಿಗೆ ಗೊತ್ತಿತ್ತು.

"ನಾನೇ ಬರೆದಿದ್ದು," ಎಂದಳು. "ತಪ್ಪು ಬರೆದೆ. ಅದಕ್ಕೇ ಬಂದೆ."

"ಬಂದು?"

"ನಿಮ್ಮ ಜೊತೆ ಏಣಿ ಹಿಡೀತೀನಿ."

ಸಾಲಿಹ್ ಅವಳ ಪಟ್ಟಣದ ಬೂಟುಗಳನ್ನು ಒಮ್ಮೆ ನೋಡಿದ. "ಏಣಿ ನನ್ನ ಹೆಂಡತೀನೂ ಹಿಡೀತಾಳೆ. ಛಾವಣಿ ಹತ್ತುತ್ತೀರಾ?"

"ಹತ್ತುತ್ತೀನಿ."

"ಬೀಳ್ತೀರಿ."

"ಬಿದ್ರೆ ನಿಮಗೆ ಸಮಾಧಾನ ಆಗುತ್ತಲ್ಲ."

ಅವನಿಗೆ ನಗು ಬಂದುಬಿಟ್ಟಿತು. ಮರುದಿನ ಬೆಳಿಗ್ಗೆ ಕಾರ್ಖಾನೆಗೆ ರಜೆ ಹೇಳಿ, ತನ್ನ ಹೆಂಡತಿಯ ರಬ್ಬರ್ ಬೂಟು ತಂದುಕೊಟ್ಟ. ಎರಡು ಅಳತೆ ದೊಡ್ಡದು. ಒಳಗೆ ಉಣ್ಣೆ ತುರುಕಿಕೊಂಡು ಅವಳು ಹತ್ತಿದಳು.

ಆ ಚಳಿಗಾಲವಿಡೀ ಇಬ್ಬರೂ ಹಳ್ಳಿಯಿಂದ ಹಳ್ಳಿಗೆ ಅಲೆದರು. ಕಲ್ಲುಚಪ್ಪಡಿಯ ಛಾವಣಿಗಳು ಹಿಮದಲ್ಲಿ ಸೋಪಿನ ಹಾಗೆ ಜಾರುತ್ತಿದ್ದವು. ಮೊದಲ ವಾರ ಅವಳು ಹೆದರಿ ಹೊಗೆಗೂಡನ್ನು ತಬ್ಬಿಕೊಂಡೇ ಕುಳಿತಿದ್ದಳು. ಮೂರನೆಯ ವಾರಕ್ಕೆ ಡಿಶ್ ಅನ್ನು ಕೂದಲೆಳೆಯಷ್ಟು ತಿರುಗಿಸಿ, ಸಿಗ್ನಲ್ ಮೀಟರಿನ ಮುಳ್ಳು ಏಳುವುದನ್ನು ನೋಡಲು ಕಲಿತಳು. "ಬಂತು, ಬಂತು, ಮುಟ್ಟಬೇಡಿ," ಎಂದು ಕೆಳಗಿನ ಕಿಟಕಿಯಿಂದ ಕೂಗು ಕೇಳಿದಾಗ, ಹತ್ತೊಂಬತ್ತು ವರ್ಷದಲ್ಲಿ ಕಚೇರಿಯಲ್ಲಿ ಒಮ್ಮೆಯೂ ಆಗದಿದ್ದ ಖುಷಿ ಆಗುತ್ತಿತ್ತು.

ಫಾತ್ಮೆ ಅಜ್ಜಿಯ ಮನೆಯಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಒಲೆಯ ಮೇಲೆ ಪಾತಾತ್ನಿಕ್ ಬೇಯುತ್ತಿತ್ತು. ತುರಿದ ಆಲೂಗಡ್ಡೆ, ಚೀಸ್, ಪುದೀನದ ವಾಸನೆ ಮನೆಯೆಲ್ಲ ಹರಡಿತ್ತು. ಒಂದು ತುಂಡು ಬಾಯಿಗೆ ಹೋಗುವ ಮೊದಲೇ ಸ್ಟೊಯಾಂಕಾ ಹೇಳಿದಳು: "ಅಜ್ಜಿ, ಅವತ್ತು ಫೋನಲ್ಲಿ ಶಾಪ ಹಾಕಿದ್ರಲ್ಲ, ಆ ಪುಣ್ಯಾತ್ಗಿತ್ತಿ ನಾನೇ."

ಮುದುಕಿ ಸೌಟು ಹಿಡಿದು ಅವಳನ್ನೇ ನೋಡಿದಳು. "ಕುರು ಎದ್ದಿದೆಯಾ?"

"ಬೊಕ್ಕೆ ಎದ್ದಿದೆ. ಎರಡೂ ಹಿಮ್ಮಡಿಗೆ."

"ಸಾಕು ಬಿಡು. ತಿನ್ನು," ಎಂದು ಅಜ್ಜಿ ಇನ್ನೊಂದು ತುಂಡು ಬಡಿಸಿದಳು.

ಫೆಬ್ರವರಿಯಲ್ಲಿ ಹತ್ತು ದಿನ ರಸ್ತೆ ಮುಚ್ಚಿತು. ಗೋದಾಮಿನಿಂದ ತಂದಿದ್ದ ಸೆಟ್‌ಟಾಪ್ ಬಾಕ್ಸ್‌ಗಳೂ ಮುಗಿದವು. ಇನ್ನಷ್ಟು ಕಳಿಸಿ ಎಂದು ಕೇಳಿದರೆ ಟೆನೆವ್ ಕಡೆಯಿಂದ ಉತ್ತರವೇ ಇಲ್ಲ. ತಿಂಗಳ ಕೊನೆಗೆ ವಾಪಸ್ ಬಂದಿದ್ದ ಮನೆಗಳು ನಾನೂರ ಮೂವತ್ತೆಂಟು.

"ಕಮ್ಮಿ ಆಯ್ತಲ್ಲ ಅಕ್ಕಾ," ಎಂದ ಸಾಲಿಹ್. ಆ ಹೊತ್ತಿಗೆ ಅವಳು ಅವನಿಗೆ ಅಕ್ಕನಾಗಿದ್ದಳು, ವಯಸ್ಸಿನಲ್ಲಿ ಚಿಕ್ಕವಳಾದರೂ. "ಬಾಕ್ಸ್‌ಗೆ ಕಾಯ್ತಾ ಇರೋ ಮನೇನೂ ಸೇರಿಸಿ ಹೇಳಿಬಿಡಿ. ಅವನೇನು ಬೆಟ್ಟ ಹತ್ತಿ ಎಣಿಸ್ತಾನಾ?"

ಅಲ್ಲಿನವರು 'ಇಲ್ಲ' ಎನ್ನುವ ಹಾಗೆ ಅವಳು ತಲೆ ಹಿಂದಕ್ಕೆಸೆದು ಲೊಚ್ಚೆಂದಳು. "ಆಗಲ್ಲ. ಹಾಗೆ ಬರೆದ್ರೆ ನನಗೂ ಅವನಿಗೂ ಏನು ವ್ಯತ್ಯಾಸ?"

ಮಾರ್ಚ್ ನಾಲ್ಕರ ಸಭೆಗೆ ಎಲ್ಲರೂ ಎದೆಯ ಮೇಲೆ ವಸಂತವನ್ನು ಬರಮಾಡಿಕೊಳ್ಳುವ ಕೆಂಪುಬಿಳಿ ಮಾರ್ಚ್ ದಾರ ಸಿಕ್ಕಿಸಿಕೊಂಡು ಬಂದಿದ್ದರು. ಟೆನೆವ್ ತನ್ನ ಕಾಗದ ಓದಿ, ಕೈ ಕಟ್ಟಿ ಕುಳಿತ. ಸ್ಟೊಯಾಂಕಾ ಎದ್ದುನಿಂತಳು.

"ಆರುನೂರು ಅಂದಿದ್ದೆ. ಬಂದಿದ್ದು ನಾನೂರ ಮೂವತ್ತೆಂಟು. ನನ್ನ ಮುನ್ಸೂಚನೆ ತಪ್ಪಾಯ್ತು."

"ಮುಗೀತಲ್ಲ," ಎಂದ ಟೆನೆವ್.

"ಮುಗಿದಿಲ್ಲ. ತಾವಾಗೇ ಬಿಟ್ಟುಹೋದ್ರು ಅಂತ ನೀವು ಬರೆದ ಜನ ಇವರು. ಇಬ್ಬರು ಮುದುಕರು, ಒಂದು ಏಣಿ, ಒಂದು ಚಳಿಗಾಲ. ಅಷ್ಟಕ್ಕೇ ಇಷ್ಟು ಮನೆ ಬಂತು. ಇನ್ನೂ ಮುನ್ನೂರು ಮನೆ ಬಾಕ್ಸ್‌ಗಾಗಿ ಕಾಯ್ತಾ ಇದೆ, ಹೆಸರು ವಿಳಾಸ ಇಲ್ಲಿದೆ. ಸೇವೆ ನಿಲ್ಲಿಸ್ತೀರಾ, ನಿಲ್ಲಿಸಿ. ಮಾಲೀಕರು ನೀವು, ನಿಮ್ಮಿಷ್ಟ. ಆದರೆ 'ನಾವು ನಿಲ್ಲಿಸಿದ್ವಿ' ಅಂತ ಬರೀರಿ. 'ಜನ ಬಿಟ್ಟುಹೋದ್ರು' ಅಂತ ಬರೆದು ನನ್ನ ಹೆಸರು ಹಾಕೋದಕ್ಕೆ ಬಿಡಲ್ಲ. ಹಾಕಿದ್ರೆ ಈ ವಿಳಾಸದ ಒಬ್ಬೊಬ್ಬರನ್ನೂ ಪತ್ರಿಕೆಯವರ ಮುಂದೆ ತಂದು ನಿಲ್ಲಿಸ್ತೀನಿ."

ಮಾಲೀಕರಲ್ಲಿ ಹಿರಿಯಳಾದ, ಬಿಳಿ ಕೂದಲಿನ ಒಬ್ಬ ಹೆಂಗಸು ಕೈಚಾಚಿ ಪಟ್ಟಿ ತೆಗೆದುಕೊಂಡಳು. ಟೆನೆವ್‌ನ ಕಡೆ ತಿರುಗಿ, "ಅಲ್ಲಿ ರಿಪೇರಿಯವರೇ ಇಲ್ಲ ಅನ್ನೋದನ್ನ ನಮಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು. ಅವನು ಮಾರುಕಟ್ಟೆ, ಕಾಲ, ಪ್ರವೃತ್ತಿ ಎಂದು ಏನೇನೋ ಹೇಳಿದ. ಅವಳು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಳು.

ಉಪಗ್ರಹದ ಕರಾರು ಮೂರು ವರ್ಷಕ್ಕಲ್ಲದಿದ್ದರೂ ಒಂದು ವರ್ಷಕ್ಕೆ ಮುಂದುವರಿಯಿತು. ಬೆಟ್ಟಕ್ಕೆ ಇಬ್ಬರು ರಿಪೇರಿಯವರನ್ನು ನೇಮಿಸುವುದೆಂದಾಯಿತು. ಟೆನೆವ್‌ನ ಕುರ್ಚಿ ಅಲುಗಾಡಲಿಲ್ಲ. ಸ್ಟೊಯಾಂಕಾ ಮಾತ್ರ ಬರೆಸಿಕೊಂಡಿದ್ದ ಮಾತಿನಂತೆ ತನ್ನ ಕುರ್ಚಿ ಬಿಟ್ಟಳು. ಆ ಬಿಳಿ ಕೂದಲಿನ ಹೆಂಗಸು ಬಾಗಿಲವರೆಗೂ ಬಂದು, "ಇರಿ, ನಾನು ಹೇಳಿ ಸರಿಮಾಡ್ತೀನಿ," ಎಂದರೂ ಕೇಳಲಿಲ್ಲ.

"ಸೋತಿದ್ದೀನಮ್ಮಾ. ಸೋತವಳು ಕೂತ್ಕೊಂಡ್ರೆ ನಾಳೆ ನನ್ನ ಲೆಕ್ಕ ಯಾರು ನಂಬ್ತಾರೆ? ಆದರೆ ರಿಪೇರಿಗೆ ಇಬ್ಬರು ಬೇಕು ಅಂದ್ರಲ್ಲ. ಒಬ್ಬ ಸಾಲಿಹ್. ಇನ್ನೊಬ್ಬರ ಜಾಗಕ್ಕೆ ನಾನು ಅರ್ಜಿ ಹಾಕ್ತೀನಿ."

ಅರ್ಜಿಯನ್ನು ಟೆನೆವ್ ಎರಡು ಸಲ ತಿರಸ್ಕರಿಸಿದ: ವಯಸ್ಸು ಹೆಚ್ಚು, ಅನುಭವವಿಲ್ಲ. ಮೂರನೆಯ ಅರ್ಜಿಯ ಜೊತೆ ಅವಳು ನಾನೂರ ಮೂವತ್ತೆಂಟು ಮನೆಯವರ ಸಹಿ ಲಗತ್ತಿಸಿದಳು. ಫಾತ್ಮೆ ಅಜ್ಜಿಗೆ ಬರೆಯಲು ಬಾರದು. ಹೆಬ್ಬೆಟ್ಟೊತ್ತಿ, ಪಕ್ಕದಲ್ಲಿ ಹಸುವಿನ ಹೆಸರನ್ನೂ ಬರೆಸಿದ್ದಳು. ಮೇ ತಿಂಗಳಲ್ಲಿ ಸ್ಟೊಯಾಂಕಾಳಿಗೆ ಕೆಲಸ ಸಿಕ್ಕಿತು.

ಅಕ್ಟೋಬರಿನಲ್ಲಿ, ಅವಳು ಒಂದು ಛಾವಣಿಯ ಮೇಲಿದ್ದಾಗ, ಅವಳ ಹಳೆಯ ಜಾಗಕ್ಕೆ ಬಂದವಳ ಫೋನ್ ಬಂತು. ಮುನ್ಸೂಚನೆ ಬರೆಯಬೇಕು, ಬೆಟ್ಟದಲ್ಲಿ ಮುಂದಿನ ವರ್ಷ ಎಷ್ಟು ಮನೆ ಉಳಿಯಬಹುದು ಎಂದು ಅವಳು ಸಂಕೋಚದಿಂದ ಕೇಳಿದಳು.

"ಫೋನಲ್ಲಿ ಹೇಳಲ್ಲ ಕಣಮ್ಮ," ಎಂದಳು ಸ್ಟೊಯಾಂಕಾ, ಸ್ಪ್ಯಾನರನ್ನು ಹಲ್ಲಿನಿಂದ ಕೈಗೆ ತೆಗೆದುಕೊಂಡು. "ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ಬಾ. ಟೆನೆವ್ ಬೇಡ ಅಂದ್ರೂ ಬಾ. ಎಣಿಸೋದು ಹೇಗೆ ಅಂತ ತೋರಿಸ್ತೀನಿ."