ಅಂಕಿತದ ದಾವೆ

ಪಾಲಾಕ್ಷಯ್ಯನವರಿಗೆ ಗ್ರಂಥಸ್ವಾಮ್ಯ ಎಂಬ ಮಾತು ಕೇಳಿದರೇ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಆಗದೆ ಇನ್ನೇನು? ಮುಂಬಯಿ ಕಡೆಯ ಲಾ ಕಾಲೇಜಿನಲ್ಲಿ ಲೇಖಕರ ಹಕ್ಕಿನ ಪಾಠ ಹೇಳಿ ಹೇಳಿ ತಲೆ ನರೆತಿತ್ತು. ಒಬ್ಬನೇ ಒಬ್ಬ ಲೇಖಕ ಅವರ ಬಾಗಿಲು ತಟ್ಟಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ವರ್ಷ ಉಬ್ಬಸ ಹತ್ತಿಸಿಕೊಂಡು ಹಾಸನಕ್ಕೆ ಬಂದು ವಕೀಲರ ಬೋರ್ಡು ತಗುಲಿಸಿ ಕೂತರೆ, ಬರುತ್ತಿದ್ದುದೆಲ್ಲ ಬದುವಿನ ಜಗಳವೇ. ಅಂಥದ್ದರಲ್ಲಿ ಹತ್ತಿರದ ದುದ್ದ ಎಂಬ ಊರಿನಿಂದ ಬಸವಲಿಂಗಮ್ಮ ಬಂದಳು.

ಭಜನೆ ಪದ ಕಟ್ಟುವ ಹೆಂಗಸು. ಓದುಬರಹ ಇಲ್ಲ. ಪ್ರತಿ ಪದದ ಕೊನೆಗೂ ಅಂಕಿತವಾಗಿ ಊರದೇವರು ಸಿದ್ಧೇಶನ ಹೆಸರು ಇಡುತ್ತಿದ್ದಳು. ಅಚ್ಚಿನ ಮನೆ ನಂಜಯ್ಯ ಎಂಬ ಪುಣ್ಯಾತ್ಮ ಅವನ್ನೆಲ್ಲ ಬರೆದುಕೊಂಡು, ಸಿದ್ಧೇಶನನ್ನು ಕಿತ್ತು ತನ್ನ ಹೆಸರು ಕೂರಿಸಿ ಪುಸ್ತಕ ಮಾಡಿ ಮಾರಿದ್ದ. ಅರಕಲಗೂಡು, ಹೊಳೆನರಸೀಪುರದವರೆಗೂ ಜನ ಅಚ್ಚಾದದ್ದನ್ನೇ ಹಾಡುತ್ತಿದ್ದರು.

"ಸಿವನ್ ಬಿಟ್ಟು ನಂಜಯ್ಯಂಗೆ ತಾಳ ಆಕ್ತಾವ್ರಲ್ಲ ಸಾ! ನಂಗೆ ಕಾಸು ಬ್ಯಾಡ. ದ್ಯಾವ್ರೆಸ್ರು ವಾಪಸ್ ಆಕ್ಸಿಕೊಡಿ."

"ದೇವರ ಹೆಸರಲ್ಲಿ ಈ ದಾವೆ ನಿಲ್ಲಲ್ಲ ತಾಯಿ. ಪದ ನಾನೇ ಕಟ್ಟಿದ್ದು ಅಂತ ನೀವು ಕಟಕಟೇಲಿ ಹೇಳಬೇಕು."

ಬಸವಲಿಂಗಮ್ಮ ಎರಡೂ ಕೆನ್ನೆ ಬಡಿದುಕೊಂಡಳು. ಅಂಕಿತ ಕೊಡುವಾಗ ಗುರುಗಳು ಮಾತು ತೆಗೆದುಕೊಂಡಿದ್ದರಂತೆ: ಪದ ಸಿದ್ಧೇಶ ನುಡಿಸಿದ್ದು, ನಾನು ಕಟ್ಟಿದೆ ಅಂತ ಸಾಯುವವರೆಗೂ ಬಾಯಲ್ಲಿ ಬರಕೂಡದು.

ಪಾಲಾಕ್ಷಯ್ಯನವರಿಗೆ ರೇಗಿತು. ಇಷ್ಟು ವರ್ಷ ಕಾದ ಮೇಲೆ ಸಿಕ್ಕವಳು ಒಬ್ಬಳು ಕವಿ, ಅವಳೂ ನಾನಲ್ಲ ಅನ್ನುವುದೇ!

"ಹಂಗಾದ್ರೆ ನಂಜಯ್ಯನ ಭಜನೆಯೇ ನಡೀಲಿ ಬಿಡಿ," ಎಂದುಬಿಟ್ಟರು.

ಆ ಮಾತು ಅವಳಿಗೆ ನಾಟಿತು. ಕೋರ್ಟಿನಲ್ಲಿ ಜಡ್ಜಿಯವರು ಕೇಳಿದಾಗ ಕಟಕಟೆ ಹಿಡಿದುಕೊಂಡಳು. ಆಮೇಲೆ, "ನಾನೇ ಕಟ್ದೆ ಸ್ವಾಮಿ. ಎಲ್ಲಾನೂವೆ ನಾನೇ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದಾವೆ ಗೆದ್ದಿತು. ನಂಜಯ್ಯನ ಪುಸ್ತಕ ಜಪ್ತಿಯಾಯಿತು. ಹೊಸ ಅಚ್ಚಿನಲ್ಲಿ ಸಿದ್ಧೇಶ ಬಂದು ಕೂತ. ಚನ್ನರಾಯಪಟ್ಟಣದ ವಕೀಲರೂ ಬಂದು ಕೈ ಕುಲುಕಿ ಹೋದರು. ಅಂತೂ ಓದಿದ್ದು ಸಾರ್ಥಕವಾಯಿತು ಎಂದುಕೊಂಡು ಪಾಲಾಕ್ಷಯ್ಯ ಉಬ್ಬಸವನ್ನೂ ಲೆಕ್ಕಿಸದೆ ದುದ್ದದ ಬಸ್ಸು ಹತ್ತಿದರು.

ಬಸವಲಿಂಗಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವರು ತಂದುಕೊಟ್ಟ ಹೊಸ ಪುಸ್ತಕ ಕಣ್ಣಿಗೊತ್ತಿಕೊಂಡು, "ದೊಡ್ಡ ಉಪ್ಕಾರ ಆಯ್ತು ಸಾ," ಎಂದಳು.

"ಒಂದು ಹೊಸ ಪದ ಹೇಳಿ ಬಸವಲಿಂಗಮ್ಮ, ಕೇಳ್ಕೊಂಡು ಹೋಗ್ತೀನಿ."

ಅವಳು ತಲೆ ಎತ್ತಲಿಲ್ಲ. "ಅವತ್ತಿಂದ ಒಂದೂ ಬಂದಿಲ್ಲ ಸಾ. ಕೂತ್ಕತೀನಿ, ಬಾಯ್ ತೆಗೀತೀನಿ. ನಾನೇ ನಾನೇ ಅಂದಿದ್ದೊಂದೇ ಕಿವೀಗ್ ಬೀಳ್ತದೆ."

ಅಯ್ಯೋ, ಎಂಥ ಕೆಲಸ ಮಾಡಿಸಿಬಿಟ್ಟೆ ಎಂದುಕೊಂಡರು ಪಾಲಾಕ್ಷಯ್ಯ. ಹಾಸನದ ಬಸ್ಸು ಹಾರ್ನ್ ಹೊಡೆದು ಹೊಡೆದು ಹೊರಟೇಹೋಯಿತು. ಅವರು ಅವಳ ಎದುರಿಗೇ ಜಗಲಿಯ ಮೇಲೆ ಕೂತು, ಒಂದು ಹಿಡಿ ಅವರೆಕಾಯಿ ತಮ್ಮ ಕಡೆಗೆ ಎಳೆದುಕೊಂಡರು.