ಮಾವನ ಬಾಯಿ

ಒಂದೇ ಮನೆಗೆ ಸೊಸೆಯಾಗಿ ಬಂದ ಇಬ್ಬರಲ್ಲಿ ಒಬ್ಬಳು ಹಾಡುತ್ತಾಳೆ, ಇನ್ನೊಬ್ಬಳು ಚಿತ್ರ ಬರೆಯುತ್ತಾಳೆ ಅಂದರೆ ಜಗಳವಿಲ್ಲ. ಇಬ್ಬರೂ ಚಿತ್ರ ಬರೆಯುವವರಾದರೆ ಮುಗಿಯಿತು. ಈ ಮನೆಯ ದೊಡ್ಡವಳು ಕಲಾಶಾಲೆಯಲ್ಲಿ ಐದು ವರ್ಷ ಕಲಿತು, ಚಿನ್ನದ ಪದಕ ಹಿಡಿದುಕೊಂಡು ಬಂದವಳು. ಚಿಕ್ಕವಳು, ಅಂದರೆ ಮೈದುನನ ಹೆಂಡತಿ, ಮಗಳು ಶಾಲೆಗೆ ಕೊಂಡುಹೋಗುತ್ತಿದ್ದ ಬಣ್ಣದ ಡಬ್ಬಿಯನ್ನು ಹೋದ ವರ್ಷ ಸುಮ್ಮನೆ ಕೈಗೆತ್ತಿಕೊಂಡವಳು. ಎತ್ತಿಕೊಂಡವಳು ಕೆಳಗಿಡಲೇ ಇಲ್ಲ. ಗೋಡೆ ಸಾಲದೆ ಫ್ರಿಜ್ಜಿನ ಬಾಗಿಲು, ಬಚ್ಚಲಿನ ಕದ, ಕರೆಂಟಿನ ಮೀಟರಿನ ಪೆಟ್ಟಿಗೆ, ಎಲ್ಲದರ ಮೇಲೂ ಅಂಟಿಸಿದಳು. ಪಕ್ಕದ ಮನೆಯವರು ಬೇಡ ಅನ್ನಲಾರದೆ ಎರಡು ಇಟ್ಟುಕೊಂಡರು. ದೊಡ್ಡವಳು ಮನಸ್ಸಿನಲ್ಲೇ ಅವಳಿಗೆ ‘ಸರಬರ’ ಎಂದು ಹೆಸರಿಟ್ಟಿದ್ದಳು.

ದೊಡ್ಡವಳದ್ದು ಒಂದೇ ಚಿತ್ರ. ನಾಲ್ಕು ವರ್ಷದಿಂದ ಅದೇ ಒಂದು ಚಿತ್ರ.

ಅದು ಮಾವನದ್ದು. ಮಾವ ಬಟ್ಟೆ ಹೊಲಿಯುತ್ತಿದ್ದವರು. ಸಾಯುವ ಹಿಂದಿನ ದಿನದವರೆಗೂ ಕೊರಳಿನಿಂದ ಟೇಪು ಇಳಿಸಿದವರಲ್ಲ. ಅವರದೊಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಇದ್ದದ್ದು ಗುರುತಿನ ಚೀಟಿಯದ್ದು. ಅತ್ತೆ ಅದನ್ನು ಒಮ್ಮೆ ನೋಡಿ ಮಗುಚಿಟ್ಟಿದ್ದರು. “ಇದ್ರಲ್ಲಿ ಯಾರದೋ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದೋರ ಥರ ಕಾಣ್ತಾರೆ. ನೀನು ಓದಿದೋಳು, ನೀನು ಬರೀಮ್ಮ. ಅಂಗಡೀಲಿ ಹಾಕೋಣ” ಎಂದಿದ್ದರು. ದೊಡ್ಡವಳು ಆವತ್ತು ಹಿಗ್ಗಿ ಹೀರೇಕಾಯಿಯಾಗಿದ್ದಳು. ದೊಡ್ಡ ಕ್ಯಾನ್ವಾಸು ತಂದಳು, ಒಳ್ಳೆಯ ಎಣ್ಣೆಬಣ್ಣ ತಂದಳು. ಅಂಗಿಯ ಮಡಿಕೆ, ಟೇಪಿನ ಅಂಕಿ, ಬೆರಳಿನ ಮೇಲಿನ ಕತ್ತರಿಯ ಗುರುತು, ಎಲ್ಲವೂ ಒಂದೇ ತಿಂಗಳಲ್ಲಿ ಬಂದವು. ಬಾರದೇ ಹೋದದ್ದು ಬಾಯಿ.

ಮಾವ ಜೀವಮಾನವಿಡೀ ತುಟಿಯ ಎಡಮೂಲೆಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿದವರು. ಪಿನ್ನು ಇಲ್ಲದಾಗಲೂ ಬಾಯಿ ಎಡಕ್ಕೇ ಎಳೆದುಕೊಂಡಿರುತ್ತಿತ್ತು. ಅದನ್ನು ಇದ್ದ ಹಾಗೇ ಬರೆದರೆ ಮನುಷ್ಯನಿಗೆ ಲಕ್ವ ಹೊಡೆದಂತೆ ಕಾಣುತ್ತಿತ್ತು. ನೆಟ್ಟಗೆ ಬರೆದರೆ ಯಾರೋ ಬ್ಯಾಂಕಿನ ಮ್ಯಾನೇಜರು ಬಂದು ಕೂತಂತಿರುತ್ತಿತ್ತು. ದೊಡ್ಡವಳು ಚಾಕುವಿನಿಂದ ಕೆರೆಯುವಳು, ಮತ್ತೆ ಬರೆಯುವಳು, ಮತ್ತೆ ಕೆರೆಯುವಳು. ಕೆರೆದೂ ಕೆರೆದೂ ಆ ಜಾಗದಲ್ಲಿ ಕ್ಯಾನ್ವಾಸು ಹಳೇ ಕಾಲುಚೀಲದಂತೆ ತೆಳುವಾಗಿತ್ತು. ಮಾವ ಬದುಕಿದ್ದಾಗಲೇ ಅವಳನ್ನು ‘ಮೊಸರುಕಲ್ಲು’ ಎಂದು ಕರೆಯುತ್ತಿದ್ದರು, ಮೊಸರಿನಲ್ಲಿ ಕಲ್ಲು ಹುಡುಕುವವಳು ಅಂತ. ಈಗ ಅವರ ಬಾಯಲ್ಲೇ ಕಲ್ಲು ಹುಡುಕುತ್ತಾ ಕೂತಿದ್ದಳು.

ಅತ್ತೆಯ ತಾಳ್ಮೆಯೂ ತೀರುತ್ತಾ ಬಂದಿತ್ತು. “ಚಿತ್ರ ಬರೀ ಅಂದ್ರೆ ಇವಳು ಚಿತ್ರಾನ ಸಾಕ್ತಾ ಕೂತಿದಾಳಲ್ಲಪ್ಪ! ಸಾಕು ಅನ್ನೋದು ಒಂದೇ ಮಾತು. ಚಿಕ್ಕವಳಿಗೆ ಅದರ ಒಂದು ಅರ್ಥ ಗೊತ್ತು, ದೊಡ್ಡವಳಿಗೆ ಇನ್ನೊಂದೇ ಗೊತ್ತು” ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಅಂದುಬಿಟ್ಟರು. ಗಂಡಸರಿಬ್ಬರೂ ನಕ್ಕರು. ಚಿಕ್ಕವಳು ನಗಲಿಲ್ಲ. ನಗದೆ ಇದ್ದದ್ದಕ್ಕೂ ದೊಡ್ಡವಳಿಗೆ ಸಿಟ್ಟು ಬಂತು. ದೊಡ್ಡ ಮನಸ್ಸು ತೋರಿಸುತ್ತಾಳಂತೆ, ಮಹಾರಾಣಿ!

ಹೀಗಿರುವಾಗ ಅಣ್ಣತಮ್ಮಂದಿರು ಅಂಗಡಿಗೆ ಸುಣ್ಣಬಣ್ಣ ಮಾಡಿಸಿ, ಹೊಸ ಮೆಷಿನ್ನು ಹಾಕಿಸಿದರು. ಸೋಮವಾರ ಬಾಗಿಲು ತೆಗೆಯಬೇಕು. ಅತ್ತೆ ಬಂದು, “ಆಯ್ತೇನಮ್ಮಾ?” ಎಂದರು. “ಇನ್ನೊಂಚೂರು ಅತ್ತೆ” ಎಂದಳು ದೊಡ್ಡವಳು. ಅತ್ತೆ ಏನೂ ಅನ್ನದೆ ಹೋದರು. ಆ ಏನೂ ಅನ್ನದ ಬೆನ್ನನ್ನು ಚಿಕ್ಕವಳು ನೋಡಿದಳೆಂದು ಕಾಣುತ್ತದೆ. ಬಡಗಿ ಬಿಟ್ಟುಹೋಗಿದ್ದ ಒಂದು ಪ್ಲೈವುಡ್ ತುಂಡು ಎಳೆದುಕೊಂಡು ಕೂತಳು. ಎರಡು ಮಧ್ಯಾಹ್ನ, ಅಷ್ಟೇ. ಮಾವ ಎದ್ದು ಬಂದು ಕೂತುಬಿಟ್ಟರು.

ಎಂಥ ಮಾವ! ಒಂದು ಕಿವಿ ಹಪ್ಪಳ, ಇನ್ನೊಂದು ಹುಣಸೆಬೀಜ. ಕತ್ತು ಬಾಟಲಿಯಂತೆ. ಬಾಯಿ ಎಡಕ್ಕೆ ಓಡಿಹೋಗುತ್ತಿತ್ತು. ದೊಡ್ಡವಳು ನೋಡಿದವಳೇ ಮನಸ್ಸಿನಲ್ಲಿ ಹದಿನಾರು ತಪ್ಪು ಎಣಿಸಿದಳು. ಅತ್ತೆ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು, “ಅಯ್ಯೋ, ಇವರೇ ಕಣ್ರೋ! ಕಿವಿ ಬಿಟ್ರೆ ಇವರೇ!” ಎಂದರು. ದೊಡ್ಡವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ಚಿತ್ರ ಚೆನ್ನಾಗಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅದು ಚೆನ್ನಾಗಿರಲಿಲ್ಲ, ಆದರೂ ಮುಗಿದಿತ್ತು. ಕೆಳಗೆ ಉರುಟು ಅಕ್ಷರದಲ್ಲಿ ಹೆಸರು ಬೇರೆ ಬರೆದುಕೊಂಡಿದ್ದಳು ಸರಬರ. ಹೆಸರು ಹಾಕುವ ಸುಖವನ್ನು ದೊಡ್ಡವಳು ನಾಲ್ಕು ವರ್ಷದಿಂದ ಕಂಡಿರಲಿಲ್ಲ.

ಭಾನುವಾರ ಊಟವಾದ ಮೇಲೆ ಎಲ್ಲರೂ ಅಂಗಡಿ ಒರೆಸಿ ಜೋಡಿಸಲು ಹೊರಟರು. ಸಂಜೆ ಬಂದು ಚಿತ್ರವನ್ನು ಕೊಂಡೊಯ್ಯುವುದೆಂದು ಮಾತಾಯಿತು. ದೊಡ್ಡವಳು ತಲೆನೋವು ಎಂದಳು. ತಲೆಯೇನೂ ನೋಯುತ್ತಿರಲಿಲ್ಲ.

ನಡುಮನೆಯಲ್ಲಿ ಕುರ್ಚಿಯ ಮೇಲೆ ಚಿತ್ರ, ಎದುರಿಗೆ ಅವಳು. ಕಿವಿಯೊಂದನ್ನು ಸರಿಮಾಡಿದರೇನು ತಪ್ಪು? ನಾಳೆ ಗಿರಾಕಿಗಳು ಬರುತ್ತಾರೆ, ಅಳತೆ ಕೊಡುತ್ತಾ ನಿಂತು ಇದನ್ನೇ ನೋಡುತ್ತಾರೆ. ಎರಡು ಕಿವಿ ಸಮ ಮಾಡಲು ಬಾರದ ಮನೆಯವರು ಎರಡು ತೋಳು ಸಮ ಹೊಲಿಯುತ್ತಾರೆಯೇ ಅನ್ನುವುದಿಲ್ಲವೇ? ಮನೆಯ ಮರ್ಯಾದೆಯ ಪ್ರಶ್ನೆ ಇದು. ಹೊಟ್ಟೆಕಿಚ್ಚು ಹೀಗೆಯೇ, ಯಾವತ್ತೂ ತನ್ನ ಬಟ್ಟೆ ಹಾಕಿಕೊಂಡು ಬರುವುದಿಲ್ಲ. ಅವಳು ತನ್ನ ಸಣ್ಣ ಕುಂಚ ತಂದಳು, ಮಗುವಿನ ಬಣ್ಣದ ಡಬ್ಬಿ ತೆರೆದಳು.

ಕಿವಿ ಸಲೀಸಾಗಿ ಕೂತಿತು. ಕಿವಿ ಸರಿಯಾದ ಮೇಲೆ ಬಾಯಿ ಇನ್ನೂ ಡೊಂಕಾಗಿ ಕಂಡಿತು. ತುಟಿಯ ಮೂಲೆಯ ಗೆರೆ ಒರಟಾಗಿತ್ತು. ಒಂಚೂರು ಮೆತ್ತಗೆ ಮಾಡೋಣವೆಂದು ಒದ್ದೆ ಕುಂಚದಿಂದ ಸವರಿದಳು. ಎಣ್ಣೆಬಣ್ಣದಲ್ಲಿ ಹಾಗೆ ಸವರಿದರೆ ಗೆರೆ ನಯವಾಗುತ್ತದೆ. ಇದು ನೀರಿನ ಬಣ್ಣ. ಒಣಗಿದ್ದರೂ ನೀರು ಕಂಡರೆ ಕರಗುವ ಜಾತಿ. ಕಲಾಶಾಲೆಯ ಮೊದಲ ವರ್ಷದಲ್ಲೇ ಕಲಿತ ಪಾಠ, ಆ ಗಳಿಗೆಯಲ್ಲಿ ತಲೆಗೆ ಹೊಳೆಯಲೇ ಇಲ್ಲ. ಮಾವನ ತುಟಿ ಕದಡಿ ಗಲ್ಲಕ್ಕೆ ಇಳಿಯಿತು. ಒರೆಸಲು ಹೋದಳು, ಗಲ್ಲ ಮೂಗಿಗೆ ಹತ್ತಿತು. ಮೂಗು ಉಳಿಸಲು ಹೋದಳು, ಕಣ್ಣು ಹೋಯಿತು. ಗಣೇಶನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದರಂತೆ; ಇವಳು ಅಪ್ಪನನ್ನೇ ತಿದ್ದಲು ಹೋಗಿ ಕೆಸರುಗದ್ದೆ ಮಾಡಿಟ್ಟಳು.

ಅಷ್ಟರಲ್ಲಿ ಫೋನು. ಚಿಕ್ಕವಳು.

“ಅಕ್ಕಾ, ತಲೆನೋವು ಹೆಂಗಿದೆ? ಮಲ್ಕೊಂಡಿದ್ಯಾ? ನಾವು ಒಂದೆರಡು ಗಂಟೇಲಿ ಬಂದ್ಬಿಡ್ತೀವಿ. ಒಂದ್ಕೆಲಸ ಮಾಡ್ತೀಯಾ? ಚಿತ್ರದ ಮೇಲೆ ಬಿಸಿಲು ಬೀಳ್ತಿದ್ರೆ ಸ್ವಲ್ಪ ಈಚೆ ಸರಿಸು.”

“ಸರಿಸ್ತೀನಿ” ಎಂದಳು ದೊಡ್ಡವಳು.

ಓಡಿಹೋಗೋಣ ಅನ್ನಿಸಿತು. ಬೆಕ್ಕು ಬೀಳಿಸಿತು ಅನ್ನೋಣವೆಂದರೆ ಮನೆಯಲ್ಲಿ ಬೆಕ್ಕಿರಲಿಲ್ಲ. ಕೊನೆಗೆ ಒದ್ದೆ ಬಟ್ಟೆ ತಂದು ಕೊರಳಿನಿಂದ ಮೇಲಿದ್ದದ್ದನ್ನೆಲ್ಲ ಒರೆಸಿ ಹಾಕಿದಳು. ಸಣ್ಣ ಕುಂಚಕ್ಕೆ ಸಮಯವಿರಲಿಲ್ಲ. ಎರಡು ಬೆರಳು ಅಗಲದ್ದನ್ನು ಹಿಡಿದಳು. ಡಬ್ಬಿಯಲ್ಲಿ ಮೈಬಣ್ಣವಿಲ್ಲ. ಕಿತ್ತಳೆಗೆ ಚೂರು ನೀಲಿ ಕಲಸಿದಳು. ಗುರುತಿನ ಚೀಟಿಯನ್ನು ಹುಡುಕಿ ತರುವ ವ್ಯವಧಾನವೂ ಇರಲಿಲ್ಲ. ಮಾವನನ್ನು ನೆನೆದಳು, ಸುಮ್ಮನೆ. ಅವರು ಮೆಷಿನ್ನಿನಿಂದ ತಲೆಯೆತ್ತಿ, “ಮೊಸರುಕಲ್ಲೂ, ಆ ಕತ್ತರಿ ಕೊಡಮ್ಮ” ಅನ್ನುತ್ತಿದ್ದರು, ಪಿನ್ನುಗಳ ಸಂದಿಯಿಂದಲೇ.

ಹಾಗೆ ಅನ್ನುವಾಗ ಬಾಯಿ ಎಡಕ್ಕೆ ಹೋಗುತ್ತಿತ್ತು, ಸರಿ. ಎಡಗಣ್ಣೂ ಅದರ ಜೊತೆ ಕಿರಿದಾಗುತ್ತಿತ್ತಲ್ಲ! ಹುಬ್ಬು ಇಳಿಯುತ್ತಿತ್ತು, ತಲೆ ಅತ್ತಲೇ ವಾಲುತ್ತಿತ್ತು, ಆ ಕಡೆಯ ಭುಜ ಕೂಡ ಒಂಚೂರು ಮೇಲೇಳುತ್ತಿತ್ತು. ಇಡೀ ಮನುಷ್ಯನೇ ಪಿನ್ನಿನ ಕಡೆ ವಾಲಿ ಮಾತಾಡುತ್ತಿದ್ದ. ನಾಲ್ಕು ವರ್ಷ ಅವಳು ನೆಟ್ಟಗಿನ ಮುಖಕ್ಕೆ ಡೊಂಕು ಬಾಯಿ ಹೊಂದಿಸಲು ಒದ್ದಾಡಿದ್ದಳು. ತಪ್ಪು ಬಾಯಿಯದ್ದಾಗಿರಲೇ ಇಲ್ಲ.

ಕುಂಚ ಓಡಿತು. ಹಚ್ಚಿದ ಬಣ್ಣ ನೋಡನೋಡುತ್ತಲೇ ಒಣಗುತ್ತಿತ್ತು. ಕೆರೆಯುವುದಕ್ಕೆ, ಕೊರಗುವುದಕ್ಕೆ ಎಡೆಯೇ ಕೊಡಲಿಲ್ಲ. ತಲೆ ವಾಲಿತು, ಕಣ್ಣು ಕಿರಿದಾಯಿತು, ತುಟಿ ತಾನಾಗಿ ಬಂದು ತನ್ನ ಜಾಗದಲ್ಲಿ ಕೂತಿತು. ಅವಳು ಬೇರೇನೂ ಯೋಚಿಸಲಿಲ್ಲ. ಗೇಟಿನ ಚಿಲಕದ ಸದ್ದು ಕೇಳಿದಾಗಲೇ ಕುಂಚ ನೀರಿಗೆ ಹಾಕಿದ್ದು.

ಮೊದಲು ಒಳಗೆ ಬಂದವರು ಅತ್ತೆ. ಚಪ್ಪಲಿ ಬಿಡುತ್ತಾ ತಲೆಯೆತ್ತಿದವರು ಒಂದು ಚಪ್ಪಲಿಯಲ್ಲೇ ನಿಂತುಬಿಟ್ಟರು.

“ಪಿನ್ನು ಉಗುಳಿ ಮಾತಾಡ್ರೀ ಅಂತ ಎಷ್ಟು ಸಲ ಹೇಳೋದು ನಿಮಗೆ?” ಎಂದರು.

ಚಿತ್ರದಲ್ಲಿ ಪಿನ್ನೇ ಇರಲಿಲ್ಲ. ಗಂಡುಮಕ್ಕಳಿಬ್ಬರೂ ಅಮ್ಮನ ಹಿಂದೆ ಬಂದು ನಿಂತರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ತಿರುಗಿ ಚಿಕ್ಕವಳ ಎರಡೂ ಕೈ ಹಿಡಿದುಕೊಂಡರು. “ಈ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಕಣೇ. ಬೆಳಿಗ್ಗೆ ನೋಡ್ದಾಗ ಹಿಂಗೆ ಕಾಣ್ಲಿಲ್ವಲ್ಲೇ ನಂಗೆ! ನನ್ನ ಕಣ್ಣಿಗೇ ಪೊರೆ ಬಂದಿದ್ಯೋ ಏನೋ.”

ಚಿತ್ರದ ಕೆಳಗೆ ಆ ಉರುಟು ಅಕ್ಷರಗಳು ಹಾಗೇ ಇದ್ದವು. ದೊಡ್ಡವಳು ಗೋಡೆಗೆ ಒರಗಿ ನಿಂತಿದ್ದಳು. ತಾನೇ ಬರೆದ ಚಿತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಲೋಕದಲ್ಲಿ ಯಾರಾದರೂ ಇದ್ದರೆ ಅವಳೊಬ್ಬಳೇ ಇರಬೇಕು. ಆ ಬಳೆ ನನ್ನ ಕೈಯದು ಎಂದು ಕೂಗಬೇಕು ಅನ್ನಿಸಿತು. ಕೂಗಿದರೆ ಅಳಿಸಿದ್ದನ್ನೂ ಹೇಳಬೇಕು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತಳು.

ಚಿಕ್ಕವಳು ಅತ್ತೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಚಿತ್ರದ ಹತ್ತಿರ ಹೋದಳು, ಬಗ್ಗಿ ನೋಡಿದಳು.

“ಅಕ್ಕಾ, ನನ್ನ ಚಿತ್ರ ಎಲ್ಲಿ?”

ಯಾರಿಗೂ ಅರ್ಥವಾಗಲಿಲ್ಲ. ದೊಡ್ಡವಳಿಗೆ ಆಯಿತು.

“ಇದರ ಕೆಳಗೆ” ಎಂದಳು. “ಕಿವಿ ತಿದ್ದೋಕೆ ಹೋದೆ. ಕೆಟ್ಟೋಯ್ತು. ಅಳಿಸಿ ಬರೆದೆ.”

“ಯಾಕೆ?”

“ಹೊಟ್ಟೆ ಉರೀತು ಕಣೇ. ನಿಂದು ಮುಗ್ದಿತ್ತು, ನಂದು ಮುಗೀಲೇ ಇಲ್ಲ. ತಡ್ಕೊಳ್ಳೋಕಾಗ್ಲಿಲ್ಲ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ, “ಅಂದ್ರೆ ಇದು ನೀನಾ?” ಎಂದು ದೊಡ್ಡವಳ ಕಡೆ ತಿರುಗಿದರು. ಚಿಕ್ಕವಳ ಕಣ್ಣಲ್ಲಿ ನೀರು ತುಂಬಿತ್ತು. “ಕಿವಿ ಡೊಂಕು ಅಂತ ನಂಗೂ ಗೊತ್ತಿತ್ತು ಅಕ್ಕ. ಡೊಂಕಾಗಿದ್ರೂ ಅದು ನಂದು. ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು, ತಿದ್ದು ಅಂತ?”

ದೊಡ್ಡವಳು ತಲೆ ತಗ್ಗಿಸಿದಳು. ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬಂತು, ಹೇಳಿದಳು. ಆ ಮಾತು ತೀರಾ ಚಿಕ್ಕದು ಎಂದು ಅವಳಿಗೂ ಗೊತ್ತಿತ್ತು.

ಚಿಕ್ಕವಳು ಮತ್ತೆ ಚಿತ್ರದ ಕಡೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ತುಟಿ ಬಿಗಿಯಿತು, ಮೂಗಿನ ಹೊಳ್ಳೆ ಅರಳಿತು. ದೊಡ್ಡವಳಿಗೆ ಆ ಮುಖದ ಪರಿಚಯ ಚೆನ್ನಾಗಿತ್ತು. ವರ್ಷದಿಂದ ದಿನಾ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ಕಂಡದ್ದು ಅದೇ.

“ಒಂದೇ ಮಧ್ಯಾಹ್ನದಲ್ಲಿ?” ಎಂದಳು ಚಿಕ್ಕವಳು. ದನಿ ಒರಟಾಗಿತ್ತು.

“ಹೂಂ.”

“ನನ್ನ ಮಗಳ ಬಣ್ಣದಲ್ಲಿ?”

“ಹೂಂ.”

“ಥೂ!” ಎಂದಳು ಚಿಕ್ಕವಳು. “ನನ್ನ ಹೆಸರು ತೆಗಿ ಅದರಿಂದ. ನಿಂದು ಬರಿ. ನಿನ್ನ ಚಿತ್ರದ ಕೆಳಗೆ ನನ್ನ ಹೆಸರಿದ್ರೆ ನಂಗೆ ಅನ್ನ ಸೇರಲ್ಲ.”

ದೊಡ್ಡವಳಿಗೆ ನಾಚಿಕೆಯಾಗುತ್ತಿತ್ತು, ನಿಜ. ನಾಚಿಕೆಯ ಬೆನ್ನಿಗೇ ಎದೆಯಲ್ಲಿ ಇನ್ನೊಂದು ಕೂಡ ಏಳುತ್ತಿತ್ತು, ಹಾಲುಕ್ಕಿದ ಹಾಗೆ. ತನ್ನನ್ನು ನೋಡಿ ಯಾರಾದರೂ ಕರುಬಿ ಎಷ್ಟು ಕಾಲವಾಗಿತ್ತು! ಕುಂಚ ತೆಗೆದುಕೊಂಡು ಬಗ್ಗಿದಳು. ಬಗ್ಗಿದವಳ ಕಣ್ಣು ಅಂಗಿಯ ಮೇಲಿನ ಗುಂಡಿಗೆ ತಾಗಿತು. “ಈ ಗುಂಡಿ ಒಂಚೂರು ಪಕ್ಕಕ್ಕೆ ಹೋಗಿದೆ...” ಎಂದಳು.

“ಮುಟ್ಟಿದ್ರೆ ನೋಡು!” ಎಂದು ನಾಲ್ವರೂ ಒಟ್ಟಿಗೆ ಕೂಗಿದರು.

ಅವಳು ಹೆಸರು ಬರೆದಳು. ಕೊನೆಯ ಅಕ್ಷರ ಸೊಟ್ಟಗಾಯಿತು. ಅಂಗಡಿಯ ಗೋಡೆಗೆ ಮೊಳೆ ಹೊಡೆಯಲು ಗಂಡಸರು ಚಿತ್ರ ಎತ್ತಿಕೊಂಡು ಹೊರಟರು. “ಅಲುಗಿಸ್ಬೇಡ್ರೋ, ನಿಮ್ಮಪ್ಪನ್ನ ಎತ್ಕೊಂಡಿದೀರ” ಎನ್ನುತ್ತಾ ಅತ್ತೆಯೂ ಅವರ ಹಿಂದೆ ಹೋದರು.

ಚಿಕ್ಕವಳು ಬಣ್ಣದ ಡಬ್ಬಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡಳು. “ಅಟ್ಟದ ಮೇಲೆ ಹಳೇ ಮಂಚದ್ದು ಒಂದು ಹಲಗೆ ಇದೆ” ಎಂದಳು, ಇನ್ನೂ ಮೂಗು ಸೀಟುತ್ತಾ. “ಅತ್ತೇನ ಬರೀತೀನಿ ನಾನು. ಈಗ್ಲೇ ಶುರು ಮಾಡ್ತೀನಿ. ನಿಂದಕ್ಕಿಂತ ಚೆನ್ನಾಗಿ ಬರೀದಿದ್ರೆ ಕೇಳು.”

ದೊಡ್ಡವಳು ಅಟ್ಟದ ಕಡೆ ನೋಡಿದಳು. ಅತ್ತೆಯ ಮುಖ ಇವಳ ಕೈಗೆ? ಆ ಹಣೆ, ಆ ಗದ್ದ, ಬೈಯುವಾಗ ಮೇಲೇರುವ ಆ ಒಂದು ಹುಬ್ಬು?

“ಮಂಚದ ಹಲಗೆ ಉದ್ದ ಇರುತ್ತೆ” ಎಂದಳು. “ಅರ್ಧ ನಂಗೆ ಬೇಕು.”

ದೊಡ್ಡವಳು ಉತ್ತರಕ್ಕೂ ಕಾಯದೆ ಗರಗಸ ಹುಡುಕಲು ಹೋದಳು.